ಎರಡನೇ ಸಲ ಸುರಿದ ಮೇಣ

ನನ್ನ ಬಾಯಿ ಎಂಥದ್ದೆಂದು ಬೀದಿಗೆಲ್ಲ ಗೊತ್ತು. ಆದರೆ ಆಡಲೇಬೇಕಾದ ಒಂದು ಮಾತಿಗೆ ಮಾತ್ರ ಅದಕ್ಕೆ ಬೀಗ ಬಿದ್ದಿತ್ತು. ಸೊಸೆ ತವರಿಗೆ ಹೊರಟಿದ್ದಳು, ಬಟ್ಟೆಬರೆಯೆಲ್ಲ ಕಟ್ಟಿಕೊಂಡು. ಮೂರನೇ ಭಾನುವಾರ ಪೂಜೆ ಮುಗಿದ ಮೇಲೆ ಅವಳ ಅಣ್ಣ ಬಂದು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. 'ಇರೇ' ಎಂದು ಒಂದು ಮಾತು ಹೇಳುವ ಬದಲು ಪಾತ್ರೆ ಇಟ್ಟಿದ್ದು ಸರಿಯಿಲ್ಲ, ಬಾಗಿಲು ಹಾಕಿದ್ದು ಸರಿಯಿಲ್ಲ ಎಂದು ದಿನವಿಡೀ ರೇಗುತ್ತಿದ್ದೆ.

ನಮ್ಮದು ಮೇಣದಬತ್ತಿ ಮಾಡುವ ಮನೆ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಚರ್ಚಿನಲ್ಲಿ ಒಂದೊಂದಾಗಿ ಹಚ್ಚುವ ಬತ್ತಿಗಳು ನಮ್ಮಲ್ಲಿಂದಲೇ ಹೋಗಬೇಕು. ಮೂರು ನೇರಳೆ, ಮೂರನೇ ವಾರಕ್ಕೆ ಒಂದು ಗುಲಾಬಿ. ಮೇಣ ಕಾಯಿಸುವುದು ನಾನು, ಅಚ್ಚಿಗೆ ಸುರಿಯುವುದು ಸೊಸೆ. ಮೇಣ ಆರುತ್ತಾ ಒಳಗೊಳಗೇ ಕುಗ್ಗುತ್ತದೆ. ಮೇಲೆ ಹಾಲಿನ ಕೆನೆಯಂತೆ ಕಟ್ಟಿ ನುಣ್ಣಗೆ ಕಾಣುತ್ತದೆ, ಕೆಳಗೆ ದಾರದ ಸುತ್ತ ಬರೀ ಪೊಳ್ಳು. ಸೂಜಿಯಿಂದ ಚುಚ್ಚಿ ಮತ್ತೊಮ್ಮೆ ಸುರಿಯಬೇಕು. ಅದು ಮಗನ ಪಾಲಿನ ಕೆಲಸ. 'ನೀವಿಬ್ರೂ ಹೋಗಿ ಮಲ್ಕೊಳ್ಳಿ, ಗುಂಡಿ ಮುಚ್ಚೋದು ನಾನು' ಎನ್ನುತ್ತಿದ್ದ ಪುಣ್ಯಾತ್ಮ. ಈ ವರ್ಷ ಅವನನ್ನೇ ಮಣ್ಣಿಗಿಟ್ಟು ಬಂದೆವು. ಜ್ವರವೆಂದು ಮಲಗಿದವನು ಏಳಲೇ ಇಲ್ಲ.

ಹೋದ ವರ್ಷ ಅವನ ಕೈಯಲ್ಲೇ ಮುಗಿದು ಮಿಕ್ಕಿದ್ದ ಎರಡು ನೇರಳೆ ಬತ್ತಿಗಳು ಮೊದಲೆರಡು ಭಾನುವಾರಕ್ಕೆ ಆದವು. ಉಳಿದೆರಡನ್ನು ನಾನೂ ಸೊಸೆಯೂ ಒಬ್ಬರ ಮುಖ ಒಬ್ಬರು ನೋಡದೆ ಮಾಡಿಕೊಟ್ಟೆವು.

ಮೂರನೇ ಭಾನುವಾರ ಗುರುಗಳು, "ಇದು ಸಂತೋಷದ ಭಾನುವಾರ" ಎಂದು ಗುಲಾಬಿ ಬತ್ತಿ ಹಚ್ಚಿದರು. ಯಾರ ಸಂತೋಷ? ಮಗನನ್ನು ಕಿತ್ತುಕೊಂಡು ಈಗ ಸಂತೋಷಪಡು ಎನ್ನಲು ನಿನಗೆ ನಾಲಿಗೆ ಹೇಗೆ ಹೊರಳಿತು ಎಂದು ದೇವರನ್ನೇ ಕೇಳುತ್ತಿದ್ದೆ. ಅಷ್ಟರಲ್ಲಿ ಬತ್ತಿಯ ನೆತ್ತಿ ಕುಸಿಯಿತು, ದಾರ ಕರಗಿದ ಮೇಣದಲ್ಲಿ ಮುಳುಗಿ ಆರಿತು. ಗುರುಗಳು ಮತ್ತೆ ಹಚ್ಚಿದರು, ನಿಲ್ಲಲಿಲ್ಲ.

ಸೊಸೆ ನನ್ನ ಕಡೆ ತಿರುಗಿದಳು. ನಮಗಿಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಸುರಿದಾದ ಮೇಲೆ ಎಂದಿನಂತೆ ಹೋಗಿ ಮಲಗಿದ್ದೆವು, ಉಳಿದದ್ದನ್ನು ಅವನು ನೋಡಿಕೊಳ್ಳುತ್ತಾನೆ ಎಂಬಂತೆ.

"ಅತ್ತೆ..." ಎಂದವಳು ಅಲ್ಲೇ ಬಿಕ್ಕಿಬಿಕ್ಕಿ ಅತ್ತಳು. ಮಣ್ಣಿಗಿಟ್ಟ ದಿನವೂ ಅವಳು ಅತ್ತಿರಲಿಲ್ಲ.

ಆರಿದ ಬತ್ತಿಯನ್ನೂ ನಾಲ್ಕನೆಯದನ್ನೂ ಮನೆಗೆ ತಂದೆವು. ಅಣ್ಣ ಬಾಗಿಲಲ್ಲೇ ಕಾಯುತ್ತಿದ್ದ. "ಸ್ವಲ್ಪ ತಡಿ ಅಣ್ಣ" ಎಂದು ಅವಳೇ ಸೂಜಿ ಹಿಡಿದು ಕೂತಳು. ದಾರದ ಪಕ್ಕ ಚುಚ್ಚಿ, ಮೊಣಕೈಯನ್ನು ಮೇಜಿಗೆ ಊರಿ, ಮೇಣವನ್ನು ಎಳೆಯಾಗಿ ಸುರಿದಳು. ಥೇಟ್ ಅವನ ಹಾಗೆ.

"ಹೋಗ್ಬೇಡ ಕಣೇ" ಎಂದೆ, ಕೊನೆಗೂ.

"ಈ ಮನೇಲಿ ಉಸಿರು ಕಟ್ಟುತ್ತೆ ಅತ್ತೆ. ಎಲ್ಲಿ ನೋಡಿದ್ರೂ ಅವರೇ."

"ನಾನು ಬೈದಿದ್ದಕ್ಕಲ್ಲ ತಾನೆ?"

"ನಿಮ್ಮ ಬೈಗುಳ ಇಲ್ದಿದ್ರೆ ನಂಗೆ ಊಟ ಸೇರಲ್ಲ" ಎಂದು ನಗಲು ನೋಡಿದಳು.

"ಮತ್ತೆ ಬರ್ತೀಯಾ?"

"ಗೊತ್ತಿಲ್ಲ ಅತ್ತೆ."

ಚೀಲ ಎತ್ತಿಕೊಂಡು ಅಣ್ಣನ ಹಿಂದೆ ಹೋದಳು.

ನಾಲ್ಕನೇ ಭಾನುವಾರ ನಾನೊಬ್ಬಳೇ ಹೋದೆ. ಬತ್ತಿ ಹಚ್ಚುವಾಗ ಕಣ್ಣು ಮುಚ್ಚಿ ಬೇಡಿಕೊಂಡೆ. ಆರಿಹೋಗಲಿ ತಂದೆ, ಒಳಗೆ ಇನ್ನೂ ಪೊಳ್ಳಿರಲಿ, ಸರಿಮಾಡು ಬಾ ಎಂದಾದರೂ ಅವಳನ್ನು ಕರೆಸುತ್ತೇನೆ. ಆ ಚರ್ಚಿನಲ್ಲಿ ಇಂಥ ಪ್ರಾರ್ಥನೆ ಇನ್ನಾರೂ ಮಾಡಿರಲಾರರು. ಕಣ್ಣು ಬಿಟ್ಟರೆ ನಾಲ್ಕೂ ನೆಟ್ಟಗೆ ಉರಿಯುತ್ತಿದ್ದವು. ಸೊಸೆ ಚೆನ್ನಾಗಿಯೇ ಸುರಿದಿದ್ದಳು.

ತಡವಾಗಿ ಬಂದ ಹೆಂಗಸೊಬ್ಬಳು ಪಕ್ಕದ ಜಾಗದಲ್ಲಿ ನಾನಿಟ್ಟಿದ್ದ ನನ್ನ ಚೀಲ ನೋಡಿ, "ಇಲ್ಲಿ ಯಾರಾದ್ರೂ ಇದಾರಾ?" ಎಂದು ಕೇಳಿದಳು.

"ನಮ್ಮ ಸೊಸೆ ಬರ್ತಾಳೆ" ಎಂದೆ. ಚೀಲ ತೆಗೆಯಲಿಲ್ಲ.