ಜಯಕರನ ಅಂಗಾಲು ಮತ್ತು ನಾನು

ನಾನು ಒಂದು ಬೇಸ್ ಆಂಪ್ಲಿಫೈಯರ್. ಅಷ್ಟುದ್ದ ಹೆಸರು ಬಾಯಿಗೆ ತೊಡಕು ಅಂತ ಎಲ್ಲರೂ ಆಂಪು ಎನ್ನುತ್ತಾರೆ. ಬೇಸ್ ಗಿಟಾರಿನ ನಾಲ್ಕು ದಪ್ಪ ತಂತಿಗಳ ತಗ್ಗಿನ ದನಿಯನ್ನು ಹಿಡಿದು, ದೊಡ್ಡದು ಮಾಡಿ, ಜನರ ಎದೆಗೆ ತಲುಪಿಸುವುದು ನನ್ನ ಕೆಲಸ. ಆರ್ಕೆಸ್ಟ್ರಾದಲ್ಲಿ ಹಾಡುವವರಿಗೆ ಚಪ್ಪಾಳೆ, ಕೊಳಲು ಊದುವವರಿಗೆ ಹಾರ. ನನ್ನನ್ನು ಯಾರೂ ತಿರುಗಿ ನೋಡುವುದಿಲ್ಲ. ಒಂದು ದಿನ ನಾನು ಬಾಯಿ ಮುಚ್ಚಿದರೆ ಮಾತ್ರ, ಏನೋ ಕಮ್ಮಿ ಆದಂಗಿದೆಯಲ್ಲ ಅಂತ ಜನ ಕುರ್ಚಿಯಲ್ಲಿ ಮಿಸುಕಾಡುತ್ತಾರೆ. ಇರಲಿ ಬಿಡಿ, ನನಗೇನೂ ಬೇಜಾರಿಲ್ಲ. ಸ್ವಲ್ಪ ಇದೆ.

ನಾನು ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಅಫ್ಸರ್ ಪಾಷಾ ಅವರ ರೇಡಿಯೋ ರಿಪೇರಿ ಅಂಗಡಿಯಲ್ಲಿ. ನನ್ನ ಮೈ ಯಾರದೋ ಮನೆಯ ಹಳೆ ಬೀರುವಿನ ಹಲಗೆ. ಹೊಟ್ಟೆಯೊಳಗಿನ ಹದಿನೈದು ಇಂಚಿನ ಸ್ಪೀಕರು ಮುಚ್ಚಿಹೋದ ಟೂರಿಂಗ್ ಟಾಕೀಸಿನದು. ಟ್ರಾನ್ಸ್‌ಫಾರ್ಮರಿನ ತಂತಿಯನ್ನು ಪಾಷಾ ಅವರೇ ಕೈಯಾರೆ ಸುತ್ತಿದರು. ಸುತ್ತುತ್ತಾ ಏನೋ ಗುನುಗುತ್ತಿದ್ದರು, ಅದೂ ತಂತಿಯ ಜೊತೆ ಒಳಗೆ ಸೇರಿಕೊಂಡಿದೆ ಅಂತ ನನ್ನ ನಂಬಿಕೆ. ನನಗೆ ಹುಟ್ಟುವ ಮೊದಲಿನ ಕನಸುಗಳೂ ಬೀಳುತ್ತವೆ. ಗಾಳಿಗೆ ಉಬ್ಬುವ ಡೇರೆ, ಮರಳಿನ ಮೇಲೆ ಕಾಲು ಚಾಚಿ ಕೂತ ಜನ, ಬೀಡಿಯ ಹೊಗೆ, ಯಾರೋ ನಾಯಕಿಯ ಅಳು. ಆ ಅಳು ನನ್ನ ಮೂಲಕವೇ ಹೊರಟಿದ್ದು. ಯಾಕೆ ಅತ್ತಳೋ ಈಗ ನೆನಪಿಲ್ಲ.

ಮೊದಲ ಯಜಮಾನ ಮೆಲ್ವಿನ್ ಅಂತ, ಒಂದು ಹೋಟೆಲಿನ ಬ್ಯಾಂಡಿನವನು. ಒಳ್ಳೆಯ ಹುಡುಗನೇ, ಆದರೆ ನನ್ನನ್ನು ಮೂಲೆಗೆ ತಳ್ಳಿ ಬಾರಿಸುತ್ತಿದ್ದ. ಎರಡು ಗೋಡೆ ಸೇರುವ ಮೂಲೆಯಲ್ಲಿ ಬೇಸ್ ಆಂಪನ್ನು ಇಡಲೇಬಾರದು ಕಣ್ರೀ. ಗೋಡೆಗೆ ಬಡಿದ ದನಿ ವಾಪಸು ಬಂದು ಹಾಲೆಲ್ಲ ಗುಂಯ್‌ಗುಡುತ್ತದೆ, ಒಂದು ಸ್ವರವೂ ಬಿಡಿಸಿ ಕೇಳುವುದಿಲ್ಲ. ಮೇಜಿನ ಮೇಲೆ ಗ್ಲಾಸುಗಳು ನಡುಗುತ್ತಿದ್ದವು, ಮ್ಯಾನೇಜರ್ ನನಗೆ ಬೈಯುತ್ತಿದ್ದ. ತಪ್ಪು ಮೂಲೆಯದು, ಬೈಗುಳ ನನಗೆ! ಹಡಗಿನ ಬ್ಯಾಂಡಿನಲ್ಲಿ ಕೆಲಸ ಸಿಕ್ಕಿದಾಗ ಮೆಲ್ವಿನ್ ನನ್ನನ್ನು ಪಾಷಾ ಅವರ ಅಂಗಡಿಗೇ ಬಿಟ್ಟುಹೋದ.

ಅಲ್ಲಿಗೆ ಒಂದು ಮಧ್ಯಾಹ್ನ ಜಯಕರ ಬಂದ. ಬನ್ನಿಮಂಟಪದ ಕಡೆಯವನು, ಒಂದು ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ಬೈಂಡಿಂಗ್ ಹಾಕುವ ಕೆಲಸ. ಬೆರಳ ಸಂದಿಯಲ್ಲಿ ಗೋಂದು ಒಣಗಿತ್ತು. ಭಾನುವಾರ ಚರ್ಚಿನಲ್ಲಿ ಬೇಸ್ ಬಾರಿಸುತ್ತಿದ್ದವನಿಗೆ ಆಗಷ್ಟೇ ಗಾಯಕಿ ವತ್ಸಲಮ್ಮನವರ ಆರ್ಕೆಸ್ಟ್ರಾದಲ್ಲಿ ಜಾಗ ಸಿಕ್ಕಿತ್ತು. ತಂದಿದ್ದ ಗಿಟಾರಿನ ವೈರನ್ನು ನನಗೆ ಚುಚ್ಚಿ ಒಂದೇ ಸ್ವರ ಮೀಟಿದ. ಆಹಾ, ಎಂಥ ಬೆರಳು! ಮೀಟಿದವನು ಮುಖ ಸಪ್ಪೆ ಮಾಡಿಕೊಂಡು, "ದನಿ ಸಾಲ್ದು ಅನ್ಸುತ್ತೆ ಪಾಷಾ ಸಾಹೇಬ್ರೇ" ಅಂದ.

"ಅಲ್ಲೇ ಮೂಗಿಗೆ ಮೂಗು ತಾಗ್ಸಿ ನಿಂತ್ರೆ ಹೆಂಗ್ ಕೇಳುತ್ತೆ ಸ್ವಾಮಿ?" ಪಾಷಾ ನಕ್ಕರು. "ತಗ್ಗಿನ ದನಿ ಪಕ್ಕದಲ್ಲಿರೋರಿಗೆ ಕಮ್ಮಿ, ದೂರ ಇರೋರಿಗೆ ಜಾಸ್ತಿ. ಕೇಳಲ್ಲ ಅಂತ ನೀವು ಗುಂಡಿ ತಿರುಗಿಸ್ತಾ ಹೋದ್ರೆ ಹಿಂದಿನ ಸಾಲಿನೋರು ಎದ್ದು ಮನೆಗೆ ಹೋಗ್ತಾರೆ. ಉದ್ದ ವೈರ್ ಇಟ್ಕೊಳ್ಳಿ. ಪ್ರೋಗ್ರಾಮ್ ಶುರುವಾಗೋಕ್ ಮುಂಚೆ ಕೊನೇ ಕುರ್ಚಿಗಂಟ ನಡ್ಕೊಂಡ್ ಹೋಗಿ ಬಾರಿಸಿ ನೋಡಿ."

ಜಯಕರ ಗಿಟಾರು ಹೊತ್ತು ರಸ್ತೆಯ ಆಚೆ ಬದಿಗೆ ಹೋಗಿ ಇನ್ನೊಮ್ಮೆ ಮೀಟಿದ. ಅವನ ಮುಖ ಅರಳಿದ್ದು ನನಗೆ ಅಂಗಡಿಯೊಳಗಿಂದಲೇ ಕಾಣಿಸಿತು. ಅವತ್ತೇ ಆಟೋದಲ್ಲಿ ಅವನ ಮನೆಗೆ ಹೋದೆ. ಹೊಸದಾಗಿ ಮದುವೆಯಾಗಿದ್ದ ಎಸ್ತೇರ್ ಬಾಗಿಲಲ್ಲಿ ನಿಂತು, "ಇದೇನ್ರೀ ಇದು, ಇಷ್ಟ್ ದಪ್ಪ! ನಾನೆಲ್ ಮಲಗ್ಲಿ?" ಅಂದಳು.

ಆಮೇಲಿನ ವರ್ಷಗಳು ಕನಸಿನ ಹಾಗೆ ಹೋದವು. ಗಣೇಶನ ಪೆಂಡಾಲು, ಆರತಕ್ಷತೆಯ ಹಾಲು, ರಾಜ್ಯೋತ್ಸವದ ಮೈದಾನ. ವ್ಯಾನಿನಲ್ಲಿ ಡ್ರಮ್ಮುಗಳ ಮಧ್ಯೆ ಒರಗಿ ತೂಕಡಿಸುತ್ತಾ ಹೋಗುವುದು, ಇಳಿದಲ್ಲಿ ಯಾವ ಊರೆಂದು ತಿಳಿಯದೆ ದನಿ ತೆಗೆಯುವುದು. ವತ್ಸಲಮ್ಮನವರ ತಂಡದಲ್ಲಿ ಒಂದು ಪದ್ಧತಿ ಇತ್ತು. ವೇದಿಕೆ ಹತ್ತುವ ಮುಂಚೆ ಎಲ್ಲರೂ ಚಪ್ಪಲಿ ಕಳಚಬೇಕು. ಸೂಟು ಹಾಕಿದ ಡ್ರಮ್ಮಿನವನಿಂದ ಹಿಡಿದು ಎಲ್ಲರೂ ಬರಿಗಾಲು. "ಸರಸ್ವತಿ ಇರೋ ಜಾಗ ಕಣ್ರಪ್ಪಾ" ಅನ್ನುತ್ತಿದ್ದರು ವತ್ಸಲಮ್ಮ. ಜಯಕರನ ದೇವರು ಬೇರೆಯಾದರೂ ಅವನೂ ಭಕ್ತಿಯಿಂದ ಕಳಚುತ್ತಿದ್ದ. ನನ್ನನ್ನು ಹಲಗೆಯ ಮೇಲೆ ಇಟ್ಟು, ಪಕ್ಕದಲ್ಲೇ ಬರಿಗಾಲಲ್ಲಿ ನಿಲ್ಲುತ್ತಿದ್ದ.

ಅವನ ಬಲಕ್ಕೆ ಯಾವಾಗಲೂ ಡ್ರಮ್ಸು. ಕಂಚಿನ ತಟ್ಟೆಗಳ ಪಕ್ಕ ನಿಲ್ಲುವವರು ಕಿವಿಗೆ ಹತ್ತಿಯನ್ನಾದರೂ ಇಟ್ಟುಕೊಳ್ಳಬೇಕು, ಇಲ್ಲವೇ ಎರಡು ಮಾರು ದೂರ ನಿಲ್ಲಬೇಕು. ನಾನು ಹೇಳುವ ಹಾಗಿದ್ದರೆ ಮೊದಲ ದಿನವೇ ಹೇಳುತ್ತಿದ್ದೆ. ನನಗೆ ಅವನು ಕೊಟ್ಟ ಸ್ವರ ಬಿಟ್ಟರೆ ಬೇರೆ ಮಾತಿಲ್ಲವಲ್ಲ, ಏನು ಮಾಡಲಿ? ಹದಿನೈದು ವರ್ಷ ಆ ತಟ್ಟೆಗಳು ಅವನ ಬಲಗಿವಿಯ ಹತ್ತಿರ ಚೀರಿದವು.

ಮೊದಲು ಗೊತ್ತಾಗಿದ್ದು ನನಗೇ. ಅವನು ಶ್ರುತಿ ಮಾಡುವಾಗ, ದನಿ ಮೂಳೆಯಿಂದಾದರೂ ಕೇಳಲಿ ಅಂತ, ಗಿಟಾರಿನ ಕೊಂಬಿಗೆ ದವಡೆ ಒತ್ತಿ ಹಿಡಿಯತೊಡಗಿದ. ಬಲಗಡೆಯಿಂದ ಯಾರಾದರೂ ಕರೆದರೆ ಹೂಂಗುಟ್ಟುತ್ತಿರಲಿಲ್ಲ, ಎಡಕ್ಕೆ ಬಂದು ಕರೆದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದ. ಮನೆಯಲ್ಲಿ ಎಸ್ತೇರ್, "ಯಾಕ್ರೀ, ಕಿವಿಗೇನಾದ್ರೂ ಆಗಿದ್ಯಾ?" ಅಂತ ಕೇಳಿದಾಗ, "ಏ ಹೋಗೇ, ಕಿವಿ ಗಟ್ಟಿಯಾಗಿದೆ. ನಿನ್ನ ದನಿನೇ ಸಣ್ಣ" ಅಂತ ಹಾರಿಸಿಬಿಟ್ಟ. ವೇದಿಕೆಯ ಮೇಲೆ ಮಾತ್ರ ಒಂದು ತಾಳವೂ ತಪ್ಪಲಿಲ್ಲ. ಹೇಗೆ ಅಂತೀರಾ? ನನ್ನ ದನಿ ಹಲಗೆಯಲ್ಲಿ ಹರಿದು ಅವನ ಅಂಗಾಲಿಗೆ ಹೋಗುತ್ತಿತ್ತು. ಡ್ರಮ್ಮಿನ ಏಟೂ ಅದೇ ದಾರಿಯಲ್ಲಿ ಬರುತ್ತಿತ್ತು. ಕಣ್ಣು ಮುಚ್ಚಿ, ಕಾಲ ಬೆರಳು ಅಗಲಿಸಿ ನಿಂತು ಅವನು ಸ್ವರಗಳನ್ನು ನೆಲದಿಂದ ಎತ್ತಿಕೊಳ್ಳುತ್ತಿದ್ದ. ನಾನು ಪಾದದಿಂದ ಹತ್ತಿ ಅವನ ಮೊಣಕಾಲು, ಸೊಂಟ, ಬೆನ್ನುಮೂಳೆ ದಾಟಿ ಎದೆಗೆ ಹೋಗಿ ಕೂರುತ್ತಿದ್ದೆ. ನನ್ನ ಜನ್ಮದಲ್ಲಿ ಅಷ್ಟು ಸುಖ ಇನ್ಯಾವಾಗಲೂ ಪಟ್ಟಿಲ್ಲ. ಹೀಗೆ ಆರು ವರ್ಷ ಗುಟ್ಟು ನಡೆಯಿತು.

ಆಗ ಕೀಬೋರ್ಡುಗಳು ಬಂದವು. ಎಡಗೈಯಲ್ಲಿ ಎರಡು ಕೀ ಒತ್ತಿದರೆ ಬೇಸ್ ತಾನೇ ಬರುತ್ತದೆ, ಬೇಸಿಗೆ ಬೇರೆ ಆಳು ಯಾಕೆ ಅಂತ ಊರಿನ ತಂಡಗಳೆಲ್ಲ ಒಂದೊಂದಾಗಿ ಬೇಸಿನವರನ್ನು ಕೈಬಿಟ್ಟವು. ವತ್ಸಲಮ್ಮ ಬಿಟ್ಟಿರಲಿಲ್ಲ. ಆದರೆ ಜಯಕರನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಕಿವಿಯ ವಿಷಯ ಹೊರಬಿದ್ದರೆ ಮುಗಿಯಿತು ಅನ್ನುವುದು ಅವನಿಗೆ ಗೊತ್ತಿತ್ತು. ಬೇಸ್ ಹೋದರೆ ತಾನು ಪ್ರೆಸ್ಸಿನ ಗೋಂದಿನ ಡಬ್ಬಿಯ ಪಕ್ಕದ ಇನ್ನೊಂದು ಡಬ್ಬಿ, ಅಷ್ಟೇ ಅಂತ ನನ್ನ ಮೇಲೆ ತಲೆಯಿಟ್ಟು ಒಮ್ಮೆ ಗೊಣಗಿದ್ದ.

ಆ ವರ್ಷದ ರಾಜ್ಯೋತ್ಸವಕ್ಕೆ ಮಂಡ್ಯದ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಕಾಲೊನಿಯಲ್ಲಿ ಕಾರ್ಯಕ್ರಮ. ತಂಡಕ್ಕೆ ಲೋಕಿ ಅಂತ ಹೊಸ ಸೌಂಡಿನವನು ಬಂದಿದ್ದ. ಕೆಲಸ ಬಲ್ಲವನು. ಸಂಜೆ ಬಿಸಿಲಿರುವಾಗಲೇ ವೇದಿಕೆಯೆಲ್ಲ ಸುತ್ತಿ, ನನ್ನ ಮುಂದೆ ಬಂದು ನಿಂತ.

"ಅಣ್ಣಾ, ಆಂಪ್ ಯಾಕೆ ಹಲಗೆ ಮೇಲೆ ಇಟ್ಟಿದ್ದೀರಾ? ಸ್ಟೇಜು ಕೆಳಗೆ ಟೊಳ್ಳು. ಇಡೀ ಸ್ಟೇಜೇ ತಮಟೆ ಆಗೋಗುತ್ತೆ" ಅಂದವನೇ ನನ್ನನ್ನು ಎತ್ತಿ, ದಪ್ಪ ಸ್ಪಾಂಜು ಹಾಸಿದ ಕಬ್ಬಿಣದ ಕುರ್ಚಿಯ ಮೇಲೆ ಕೂರಿಸಿದ. "ಈಗ ನೋಡಿ, ನಿಮ್ಮ ಕಿವಿಗೆ ನೇರ ಬರುತ್ತೆ. ತಗ್ಗಿಸಿ ಬಾರಿಸಿದ್ರೂ ಸಾಕು."

ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಯಾವ ಬೇಸಿನವನಿಗಾದರೂ ನಾನೂ ಅದನ್ನೇ ಹೇಳುತ್ತೇನೆ. ಆದರೆ ಜಯಕರನ ಮುಖ ಬಿಳಿಚಿಕೊಂಡಿತು. ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ, ಏನು ಹೇಳುವುದು? ಗಿಟಾರನ್ನು ಹೆಗಲಿಗೇರಿಸಿಕೊಂಡ.

ಕಾರ್ಯಕ್ರಮ ಶುರುವಾಯಿತು. ನಾನು ಕುರ್ಚಿಯ ಮೇಲೆ ಕೂತು ದನಿ ತೆಗೆದೆ. ಕೆಳಗೆ ಅವನ ಪಾದಗಳು ಹಲಗೆಯನ್ನು ತಡವರಿಸುತ್ತಿದ್ದವು, ನಾನು ಅಲ್ಲಿ ಇರಲಿಲ್ಲ. ಡ್ರಮ್ಮಿನ ಏಟೊಂದೇ ಬರುತ್ತಿತ್ತು, ತಾನು ಮೀಟಿದ್ದು ತನಗೇ ತಿಳಿಯುತ್ತಿರಲಿಲ್ಲ. ಅವನು ನನ್ನ ಗುಂಡಿಯನ್ನು ತಿರುಗಿಸಿದ. ಇನ್ನೂ ತಿರುಗಿಸಿದ. ಅಯ್ಯೋ ಮಾರಾಯ, ಸಾಕು ನಿಲ್ಲಿಸು ಅಂತ ಕೂಗಬೇಕೆನಿಸಿತು, ಕೂಗಿದರೆ ಆ ಕೂಗೂ ಬೇಸೇ ಆಗುತ್ತಿತ್ತು. ಹಿಂದಿನ ಸಾಲಿನ ಹೆಂಗಸರು ಮಕ್ಕಳ ಕಿವಿ ಮುಚ್ಚಿದರು. ಲೋಕಿ ದೂರದಿಂದ ಎರಡೂ ಕೈ ಆಡಿಸಿ ಕಡಿಮೆ ಮಾಡಿ ಅನ್ನುತ್ತಿದ್ದ. ಜಯಕರ ಡ್ರಮ್ಮಿಗಿಂತ ಒಂದು ಏಟು ಹಿಂದೆ ಬಿದ್ದ, ಹಾಡು ಕುಂಟಿತು. ವತ್ಸಲಮ್ಮ ನಗುಮುಖ ಬಿಡದೆ ಪಲ್ಲವಿಯಲ್ಲೇ ಹಾಡು ಮುಗಿಸಿ, "ಈಗ ಮಕ್ಕಳಿಗೆ ಬಹುಮಾನ ವಿತರಣೆ" ಅಂತ ಮೈಕನ್ನು ಕಾಲೊನಿಯ ಕಾರ್ಯದರ್ಶಿಯ ಕೈಗೆ ಕೊಟ್ಟು ಹಿಂದಕ್ಕೆ ಬಂದರು.

"ಏನ್ ಜಯಣ್ಣ ಇದು? ಕುಡಿದಿದ್ದೀರಾ?"

"ಇಲ್ಲಮ್ಮ."

"ಮತ್ತೆ? ಇಪ್ಪತ್ತೊಂದು ವರ್ಷದಲ್ಲಿ ಒಂದಿನ ಹಿಂಗೆ ಬಾರಿಸಿಲ್ಲ ನೀವು."

ಜಯಕರ ಗಿಟಾರನ್ನು ಕೆಳಗಿಟ್ಟ. "ಬಲಗಿವಿ ಪೂರ್ತಿ ಹೋಗಿದೆ ವತ್ಸಲಮ್ಮ. ಎಡಗಿವಿ ಅರ್ಧ. ಆರು ವರ್ಷ ಆಯ್ತು."

"ಆರು ವರ್ಷಾನಾ! ಮತ್ತೆ ಹೆಂಗ್ ಬಾರಿಸಿದ್ರಿ?"

"ಕಾಲಲ್ಲಿ" ಅಂದ. ಅವನ ಕಣ್ಣಲ್ಲಿ ನೀರು ತುಂಬಿತ್ತು. "ಆಂಪು ಹಲಗೆ ಮೇಲಿದ್ರೆ ಕಾಲಿಗೆ ಕೇಳ್ಸುತ್ತೆ. ಲೋಕಿ ಮಾಡಿದ್ದೇ ಸರಿ. ಹಂಗಿಟ್ರೆ ಜನಕ್ಕೆ ತೊಂದ್ರೆ, ಹಿಂಗಿಟ್ರೆ ನಾನಿಲ್ಲ. ಕೀಬೋರ್ಡಿನವನಿಗೇ ಹೇಳಿಬಿಡಿ ಅಮ್ಮ, ನಾನು ವ್ಯಾನಲ್ಲಿ ಕೂತಿರ್ತೀನಿ."

ವತ್ಸಲಮ್ಮನವರಿಗೆ ಸಿಟ್ಟು ನೆತ್ತಿಗೇರಿತು. "ಮೊದ್ಲೇ ಬಾಯ್ಬಿಟ್ಟು ಹೇಳೋಕೇನಾಗಿತ್ತು ದಾಡಿ? ನಾವೇನ್ ಹೊರಗಿನವ್ರಾ?" ಅಂತ ಅವನು ತುಟಿ ಓದಿಕೊಳ್ಳುವ ಹಾಗೆ ಮುಖಕ್ಕೆ ಮುಖ ಕೊಟ್ಟು ಬೈದರು. ಬೈಯುತ್ತಾ ಬೈಯುತ್ತಾ ಅತ್ತೂ ಬಿಟ್ಟರು.

ಲೋಕಿ ತಲೆ ಕೆರೆದುಕೊಂಡು ನಿಂತಿದ್ದವನು ಸರಕ್ಕನೆ ಹೊರಟ. ಅಡಿಗೆಯವರ ಊಟದ ಟೇಬಲ್ಲಿನ ಒಂದು ಅಗಲ ಹಲಗೆ ತಂದ, ಅದರಲ್ಲಿನ್ನೂ ಸಾಂಬಾರಿನ ವಾಸನೆ. ಕಬ್ಬು ಇಳಿಸಲು ನಿಂತಿದ್ದ ಟ್ರ್ಯಾಕ್ಟರಿನವನನ್ನು ಕಾಡಿ ಬೇಡಿ ಒಂದು ದೊಡ್ಡ ಟ್ಯೂಬು ತಂದ. ಅರ್ಧ ಗಾಳಿ ತುಂಬಿದ ಟ್ಯೂಬು ಕೆಳಗೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ನಾನು, ನನ್ನ ಪಕ್ಕ ಜಯಕರ. ನನ್ನ ನಡುಕ ಹಲಗೆಯಲ್ಲಿ ಹರಿದು ಅವನ ಕಾಲಿಗೆ ಹೋಗಬೇಕು, ಟ್ಯೂಬಿನ ಗಾಳಿ ದಾಟಿ ವೇದಿಕೆಗೆ ಇಳಿಯಬಾರದು. ತಾಳವೂ ಅವನ ಕಾಲಿಗೆ ಬರಲಿ ಅಂತ ಡ್ರಮ್ಮಿನವನು ತನ್ನ ಒಂದು ಸ್ಟ್ಯಾಂಡಿನ ಕಾಲನ್ನೂ ನಮ್ಮ ಹಲಗೆಗೆ ತಾಗಿಸಿದ.

ಜಯಕರ ಹೆದರಿಕೊಂಡೇ ಒಂದು ಸ್ವರ ಮೀಟಿದ. ಅವನ ಕಾಲ ಬೆರಳು ಅಗಲವಾದವು. ತೆಪ್ಪದಲ್ಲಿ ನಿಂತವರ ಹಾಗೆ ನಾವಿಬ್ಬರೂ ಸಣ್ಣಗೆ ತೂಗುತ್ತಿದ್ದೆವು. ಎದುರಿಗೆ ಕಾರ್ಖಾನೆಯ ಚಿಮಣಿ, ಬೆಲ್ಲದಂಥ ಸಿಹಿ ಗಾಳಿ, ಸಂಜೆಯ ಕೆಂಪು. ವತ್ಸಲಮ್ಮ ಹಾಡತೊಡಗಿದರು, ಮೈದಾನ ಮೆಲ್ಲಗೆ ತಲೆದೂಗಿತು. ಕೊನೆಯ ಸಾಲಿನಲ್ಲಿ ಒಂದು ಅಜ್ಜಿ ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದಳು, ನನ್ನ ತಾಳಕ್ಕೆ ಸರಿಯಾಗಿ. ಅವತ್ತು ಜಯಕರನ ಜಾಗ ಉಳಿಯಿತು.

ಆ ಹಲಗೆ, ಆ ಟ್ಯೂಬು ಮುಂದೆ ಹನ್ನೊಂದು ವರ್ಷ ನಮ್ಮ ವ್ಯಾನಿನಲ್ಲಿ ಓಡಾಡಿದವು. ತಮಾಷೆ ಕೇಳಿ, ಬೇರೆ ತಂಡದಲ್ಲಿ ಉಳಿದಿದ್ದ ಒಬ್ಬಿಬ್ಬರು ಬೇಸಿನವರೂ ಟ್ಯೂಬಿನ ಮೇಲೆ ಹಲಗೆ ಹಾಕಿ ನಿಲ್ಲಲು ಶುರುಮಾಡಿದರು. ಜಯಕರನ ಬೇಸು ಅಷ್ಟು ಚೆನ್ನಾಗಿ ಬರುವುದೇ ಅದರಿಂದ ಅಂತ ಅವರ ಲೆಕ್ಕ. ಒಬ್ಬ ಬ್ಯಾಲೆನ್ಸ್ ತಪ್ಪಿ ಬಿದ್ದನಂತೆ.

ವತ್ಸಲಮ್ಮನವರಿಗೆ ಮಂಡಿನೋವು ಬಂದು ತಂಡ ನಿಂತಿತು. ಜಯಕರನ ಎಡಗಿವಿಯೂ ನಿಧಾನಕ್ಕೆ ಹೋಯಿತು. ನಾನೀಗ ಅವನ ಮನೆಯ ವರಾಂಡದಲ್ಲಿದ್ದೇನೆ. ಎಸ್ತೇರ್ ನನ್ನ ತಲೆಯ ಮೇಲೆ ಕಸೂತಿ ಬಟ್ಟೆ ಹಾಸಿ ಫೋನು ಇಟ್ಟಿದ್ದಾಳೆ. ಮಧ್ಯಾಹ್ನ ಬಿಸಿಲು ಬಂದು ನನ್ನ ಕಾಲ ಬಳಿ ಮಲಗುತ್ತದೆ, ನನಗೂ ಜೋಂಪು ಹತ್ತುತ್ತದೆ, ಡೇರೆ ಉಬ್ಬುತ್ತದೆ, ನಾಯಕಿ ಅಳುತ್ತಾಳೆ. ವಯಸ್ಸಾಯಿತಲ್ಲ, ನನ್ನ ಸ್ಪೀಕರಿನ ಕಾಗದ ಹರಿದಿದೆ. ಹೊಸದು ಹಾಕಲು ಪಾಷಾ ಸಾಹೇಬರೇ ಇಲ್ಲ.

ಹೋದ ವಾರ ಜಯಕರ ಬಟ್ಟೆ ಸರಿಸಿ, ನನಗೆ ವೈರ್ ಚುಚ್ಚಿ, ನನ್ನ ಮೈಗೆ ಪಾದ ಒತ್ತಿ ಕೂತು ಮೀಟಿದ. ನನ್ನ ಗಂಟಲಿನಿಂದ ಬರ್ರ್ ಅಂತ ಕರ್ಕಶ ದನಿ ಹೊರಟಿತು. ಕಾಂಪೌಂಡಿನ ಮೇಲಿದ್ದ ಕಾಗೆ ಹಾರಿಹೋಯಿತು. ನಾಚಿಕೆಯಿಂದ ನಾನು ಸತ್ತುಹೋದೆ. ಅಡಿಗೆಮನೆಯಿಂದ ಎಸ್ತೇರ್ ಕಿವಿ ಮುಚ್ಚಿಕೊಂಡು ಬಂದವಳು ಅವನ ಮುಖ ನೋಡಿ ಕೈ ಇಳಿಸಿದಳು.

"ಹೆಂಗಿದ್ಯೇ ದನಿ?" ಅಂತ ಕೇಳಿದ ಅವನು.

ಎಸ್ತೇರ್ ನಗುತ್ತಾ ಚೆನ್ನಾಗಿದೆ ಅಂತ ಕೈಸನ್ನೆ ಮಾಡಿದಳು.

"ಸುಳ್ಳಿ! ಸ್ಪೀಕರ್ ಹರಿದಿದೆ. ಕಾಲಿಗೆ ಗೊತ್ತಾಗಲ್ವಾ ನಂಗೆ?"

ಅವಳು ಎದುರಿಗೆ ಬಂದು ಕೂತು, ಅವನಿಗೆ ತುಟಿ ಕಾಣುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು: "ಆರು ವರ್ಷ ಕಿವಿ ಗಟ್ಟಿಯಾಗಿದೆ ಅಂತ ನನ್ನ ಏಮಾರಿಸ್ಲಿಲ್ವಾ ನೀವು? ನಾನ್ ಒಂದಿನ ಸುಳ್ಳು ಹೇಳ್ಬಾರ್ದಾ?"

ಜಯಕರ ನಕ್ಕ. ನಕ್ಕು ನಕ್ಕು ಕಣ್ಣೊರೆಸಿಕೊಂಡು, ನನ್ನ ಗುಂಡಿಗೆ ಕೈಹಾಕಿ, "ಆರಿಸ್ಲಾ?" ಅಂದ.

ಎಸ್ತೇರ್ ಅವನ ಕೈ ಹಿಡಿದುಕೊಂಡಳು. "ಬೇಡ. ಬಾರಿಸಿ, ನಾನ್ ಹಾಡ್ತೀನಿ."

ಈ ಮನೆಗೆ ಬಂದಾಗಿನಿಂದ ಅವಳು ಹಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಸಣ್ಣ ದನಿ, ಅಲ್ಲಲ್ಲಿ ಶ್ರುತಿ ಜಾರುತ್ತಿತ್ತು. ಅದು ಅವನಿಗೆ ಕೇಳಿಸಲಿಲ್ಲ. ಅವನು ಅವಳ ತುಟಿಯನ್ನೇ ನೋಡುತ್ತಾ ಕೂತ, ಪಾದ ನನ್ನ ಮೈಗೆ ಒತ್ತಿಕೊಂಡಿತ್ತು. ನಾನು ಹರಿದ ಗಂಟಲಲ್ಲೇ ಸಾಧ್ಯವಾದಷ್ಟು ಮೆಲ್ಲಗೆ ಜೊತೆಗೂಡಿದೆ, ಅವಳ ಹಾಡು ಮುಳುಗದ ಹಾಗೆ.