ಒಂದು ಹನಿ ಹೆಚ್ಚು

ಬಸ್ಸಿನಿಂದ ಇಳಿದ ಮುದುಕ ಸಿಗ್ವಾರ್ಟ್ ಮೊದಲು ಕೇಳಿದ್ದೇ, "ಸಿನ್ನೊವೆ ಎಲ್ಲಮ್ಮಾ?" ಅಂತ.

ಅವನ ಮೂಗಿನ ಮುಂದೆಯೇ ರಾಗ್ನಿ ನಿಂತಿದ್ದಳು. ವಾಹನಗಳ ಮುಂಗಾಜಿಗೆ ಬಿದ್ದ ಕಲ್ಲೇಟು ತುಂಬುವ ಈ ಅಂಗಡಿಯನ್ನು ಟೀನ್ಸೆಟ್ ಊರಿನಲ್ಲಿ ತೆರೆದವಳು ಅವಳು. ತಂಗಿ ಸಿನ್ನೊವೆಗೆ ಕೈಹಿಡಿದು ಕೆಲಸ ಕಲಿಸಿದವಳೂ ಅವಳೇ. ಚಳಿಗಾಲವಿಡೀ ಮಂಜುಗಡ್ಡೆಯ ಮೇಲೆ ಎರಚಿದ ಜಲ್ಲಿ, ಹಿಮ ಕರಗಿದ ಮೇಲೆ ಚಕ್ರಕ್ಕೆ ಸಿಕ್ಕಿ ಸಿಡಿಯುತ್ತದೆ. ಆ ದಿನಗಳಲ್ಲಿ ಅಕ್ಕತಂಗಿಯರಿಗೆ ಕೂತು ಉಣ್ಣಲೂ ಪುರುಸೊತ್ತಿರುವುದಿಲ್ಲ. ಆದರೆ ಈ ವರ್ಷ ಹಾಲಿನ ಲಾರಿಯವನಿಂದ ಹಿಡಿದು ಪಾದ್ರಿಯ ಹೆಂಡತಿಯವರೆಗೆ ಬಂದವರೆಲ್ಲ ಹುಡುಕುತ್ತಿದ್ದುದು ತಂಗಿಯನ್ನೇ. ಪ್ರತಿ ಸಲವೂ ರಾಗ್ನಿಯ ಎದೆಯೊಳಗೆ ಯಾರೋ ಸಣ್ಣ ಮೊಳೆ ಹೊಡೆದಂತಾಗುತ್ತಿತ್ತು.

"ಒಳಗೆ ನರ್ಸಮ್ಮನ ಕಾರು ನೋಡ್ತಿದಾಳೆ. ಯಾಕೆ, ನನ್ನ ಕೈಗೇನು ಲಕ್ವ ಹೊಡೆದಿದ್ಯಾ?"

"ಅಯ್ಯೋ, ಹಾಗಲ್ಲಮ್ಮ..." ಸಿಗ್ವಾರ್ಟ್ ಟೋಪಿ ತೆಗೆದು ಹಿಂಡತೊಡಗಿದ. "ಅವಳು ಬಿಡುವಾದಾಗಲೇ ಮಾಡ್ಲಿ. ಅಷ್ಟರಲ್ಲಿ ನಾನು ಕಾಫಿಪುಡಿ ತಂದುಬಿಡ್ತೀನಿ." ಅಷ್ಟು ಹೇಳಿ, ಬೆನ್ನಟ್ಟಿ ಬಂದಾರೆಂಬಂತೆ ಹೊರಟೇಹೋದ.

ಅವನು ಓಡಿಸಿಕೊಂಡು ಬಂದಿದ್ದುದು ಅಪ್ಪನ ಕಾಲದ ಬಸ್ಸು, ಅದರ ಮುಂಗಾಜಿಗೂ ಕಲ್ಲೇಟು ಬಿದ್ದಿತ್ತು. ಆ ಅಗಲದ ಗಾಜು ಈಗ ಯಾರೂ ಮಾಡುವುದಿಲ್ಲ. ಬಿರುಕು ಹರಡಿದರೆ ಬಸ್ಸು ಶೆಡ್ ಸೇರಿದಂತೆಯೇ. ಮೇ ಹದಿನೇಳರ ರಾಷ್ಟ್ರೀಯ ದಿನದಂದು ಮಕ್ಕಳ ಮೆರವಣಿಗೆ ನೋಡಲು ವೃದ್ಧಾಶ್ರಮದವರನ್ನು ಕರೆದೊಯ್ಯುವುದು ಇದೇ ಬಸ್ಸು. ಎತ್ತರ ಹೆಚ್ಚಾಗಿ ಬಾಗಿಲಲ್ಲಿ ಹಿಡಿಸದ್ದರಿಂದ ಅಂಗಳದಲ್ಲಿ, ಗೋಡೆಯ ನೆರಳಿನಲ್ಲಿ ನಿಲ್ಲಿಸಿದ್ದ.

ರಾಗ್ನಿ ಏಣಿ ಹಾಕಿದಳು. ತಂಗಿ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಕೆಲಸ ಮುಗಿದಿರಬೇಕು. ಏಟು ಬಿದ್ದ ಜಾಗ ಎಲ್ಲಿತ್ತೆಂದು ಸಿಗ್ವಾರ್ಟನಿಗೇ ತಿಳಿಯಬಾರದು. ಆಮೇಲೆ ಯಾರನ್ನು ಕೇಳುತ್ತಾರೋ ನೋಡೋಣ.

ಏಟಿನ ಮೇಲೆ ಕೊಳವೆ ಕೂರಿಸಿದಳು. ಅದಕ್ಕೆ ಹಾಕುವ ರೆಸಿನ್ ನೀರಿನಷ್ಟು ತೆಳುವಾದ ಅಂಟು, ಬಿಸಿಲೋ ನೇರಳೆ ದೀಪವೋ ತಾಗಿದರೆ ಕಲ್ಲಾಗುತ್ತದೆ. ಅದನ್ನು ಹನಿ ಲೆಕ್ಕದಲ್ಲಿ ಹಾಕಬೇಕು. ಮೊದಲು ಕೊಳವೆಯ ತಿರುಪನ್ನು ಹಿಂದಕ್ಕೆ ತಿರುಗಿಸಿ ಬಿರುಕಿನ ಗಾಳಿ ಹೊರತೆಗೆಯಬೇಕು, ಆಮೇಲೆ ಮೆಲ್ಲಗೆ ಒತ್ತಬೇಕು. ಗಾಳಿ ಬರಲು ದಾರಿ ಬೇಕಾದ್ದರಿಂದ ಕೊಳವೆ ತುಂಬಬಾರದು. ಇದನ್ನು ತಂಗಿಗೆ ಹೇಳಿ ಹೇಳಿ ರಾಗ್ನಿಯ ಬಾಯಿ ಒಣಗಿತ್ತು.

ಈಗಲೂ ಮೊದಲು ಲೆಕ್ಕದ ಹನಿಗಳನ್ನಷ್ಟೇ ಹಾಕಿದಳು. ಬಿರುಕಿನ ಒಂದು ಕವಲು ತುಂಬದೆ ಕಪ್ಪಾಗಿಯೇ ಉಳಿಯಿತು. ಅಷ್ಟಕ್ಕೆ ಬಿಟ್ಟಿದ್ದರೆ ತಾನಾಗಿ ತುಂಬುತ್ತಿತ್ತು. ಅಷ್ಟರಲ್ಲಿ ಒಳಗಿಂದ ನರ್ಸಮ್ಮನ ನಗು ಕೇಳಿತು, ಅದರ ಹಿಂದೆಯೇ ಸಿನ್ನೊವೆಯ ನಗು. ರಾಗ್ನಿ ಇನ್ನೊಂದಿಷ್ಟು ಸುರಿದಳು. ಕೊಳವೆ ತುಂಬಿತು. ತಿರುಪನ್ನು ಬಿಗಿದಳು, ಮತ್ತೆ ಬಿಗಿದಳು.

ಗಾಜಿನೊಳಗೆ ಒಂದು ಎಸಳು ಅರಳಿತು. ಪಕ್ಕದಲ್ಲಿ ಇನ್ನೊಂದು. ಹೋಗಲು ಜಾಗವಿಲ್ಲದ ರೆಸಿನ್ ಗಾಜಿನ ಪದರಗಳನ್ನೇ ಬಿಡಿಸಿಕೊಂಡು ಹರಡುತ್ತಿತ್ತು. ತಲೆಯೆತ್ತಿ ನೋಡಿದರೆ ಬಿಸಿಲು ಗೋಡೆಯ ಮೂಲೆ ದಾಟಿ ಬಸ್ಸಿನ ಕನ್ನಡಿಗೆ ಬಿದ್ದಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಗಾಜಿಗೆ ಬರುತ್ತದೆ, ಬಂದರೆ ಆ ಹೂವು ಹಾಗೇ ಕಲ್ಲಾಗುತ್ತದೆ. ಅವಸರದಲ್ಲಿ ಅವಳು ನೆರಳಿನ ಬಟ್ಟೆಯನ್ನೇ ಕಟ್ಟಿರಲಿಲ್ಲ. ಜಾಕೆಟ್ ಬಿಚ್ಚಿ ಒಂದು ಕೈಯಲ್ಲಿ ಅಡ್ಡ ಹಿಡಿದಳು. ಇನ್ನೊಂದು ಕೈ ಕೊಳವೆಯ ಮೇಲಿತ್ತು. ರೆಸಿನ್ ಹಿಂದಕ್ಕೆಳೆಯಲು ಮೂರನೆಯ ಕೈ ಬೇಕು, ಎಷ್ಟು ಬಂತೆಂದು ಒಳಗಿನಿಂದ ನೋಡಲು ಬೇರೆ ಕಣ್ಣು ಬೇಕು.

ತಂಗಿಯನ್ನು ಮಾತ್ರ ಕರೆಯುವುದಿಲ್ಲ ಎಂದುಕೊಂಡಳು. ಬಿಸಿಲು ಜಾಕೆಟ್ಟಿನ ಅಂಚಿಗೆ ಬಂತು.

"ಸಿನ್ನೊವೆ! ಬಾರೇ ಇಲ್ಲಿ, ಓಡಿ ಬಾ!"

ಸಿನ್ನೊವೆ ಓಡಿ ಬಂದಳು, ನೋಡಿದಳು, ನೆರಳಿನ ಬಟ್ಟೆ ಎಳೆದು ಕಟ್ಟಿ ಬಸ್ಸಿನೊಳಗೆ ಹತ್ತಿದಳು. ಗಾಜಿನ ಆ ಕಡೆಯಿಂದ ಕೇಳಿದಳು, "ಎಷ್ಟು ಹಾಕ್ದೆ ಅಕ್ಕಾ?"

"ಜಾಸ್ತಿ."

"ಜಾಸ್ತಿ ಅಂದ್ರೆ?"

"ಕೊಳವೆ ತುಂಬ ಕಣೇ! ಈಗ ನಿಂಗೆ ಖುಷಿನಾ?"

"ಕಲಿಸುವಾಗ ಇಷ್ಟಕ್ಕೇ ಅಲ್ವಾ ನೀನು ನನ್ನ ಕೈಗೆ ಹೊಡೆದಿದ್ದು?"

"ಹೊಡ್ದಿರ್ಲಿಲ್ಲ. ತಟ್ಟಿದ್ದೆ."

"ತಟ್ಟಿದ್ದು ಮೂರು ದಿನ ಊದಿತ್ತು. ಸರಿ, ತಿರುಪು ಬಿಚ್ಚು. ಮೆಲ್ಲಗೆ. ಹಾಂ, ಎಸಳು ಮುದುಡ್ತಿದೆ. ಎಳಿ... ಸಾಕು, ಸಾಕು!"

ರಾಗ್ನಿ ಬಟ್ಟೆಯ ತುದಿಯಿಂದ ಹೆಚ್ಚಿನದನ್ನು ಹೀರಿ ತೆಗೆದಳು, ಮತ್ತೆ ಎಳೆದಳು. ಒಂದು ಎಸಳು ಪೂರ್ತಿ ಹೋಯಿತು. ಇನ್ನೊಂದು ಬೇಳೆಕಾಳಿನಷ್ಟಾಗಿ ನಿಂತಿತು, ಅದಕ್ಕಿಂತ ಕಿರಿದಾಗಲಿಲ್ಲ. ದೀಪ ಹಿಡಿದು ಗಟ್ಟಿ ಮಾಡಿದರು.

"ಎಲ್ರೂ ನಿನ್ನೇ ಯಾಕೆ ಕೇಳ್ತಾರೆ?" ಏಣಿಯ ಮೇಲಿಂದಲೇ ರಾಗ್ನಿ ಕೇಳಿಬಿಟ್ಟಳು.

"ನೀನು ಬೈತೀಯಲ್ಲ, ಅದಕ್ಕೆ. ಹೋದ ವರ್ಷ ಸಿಗ್ವಾರ್ಟಜ್ಜನ್ನ ಸ್ಕೂಲ್ ಹುಡುಗನ ಥರ ನಿಲ್ಸಿ ಉಗಿದಿಲ್ವಾ? ನಿನ್ನ ಕೆಲಸಕ್ಕೆ ಯಾರೂ ಹೆಸರಿಟ್ಟಿಲ್ಲ ಅಕ್ಕಾ. ನಂಗೂ ನಿನ್ನಷ್ಟು ನಯವಾಗಿ ಬರಲ್ಲ."

ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಕೈಯಲ್ಲಿ ಕೊರತೆಯಿದ್ದರೆ ಕಲಿತುಕೊಳ್ಳಬಹುದಿತ್ತು. ಜನ ತಂಗಿಯ ಮುಖ ನೋಡಿದರೆ ಹಗುರಾಗುತ್ತಾರೆ ಎಂಬುದಕ್ಕೆ ಯಾವ ತಿರುಪು ತಿರುಗಿಸುವುದು?

ಸಿಗ್ವಾರ್ಟ್ ಕಾಫಿಪುಡಿಯ ಚೀಲದೊಂದಿಗೆ ಬಂದವನು ಗಾಜಿನ ಹತ್ತಿರ ಕಣ್ಣಿಟ್ಟ. "ಇದೇನಿದು, ಬೇಳೆ ಅಂಟಿದ ಹಾಗಿದೆ?"

"ಹಳೇ ಗಾಜಲ್ವಾ ಅಜ್ಜಾ..." ಸಿನ್ನೊವೆ ಶುರುಮಾಡಿದಳು.

"ಗಾಜಿನ ತಪ್ಪಲ್ಲ," ರಾಗ್ನಿ ತಡೆದಳು. "ನಾನು ಜಾಸ್ತಿ ಹಾಕಿ ಕೆಡಿಸ್ದೆ. ಇವಳು ಬಂದಿದ್ದಕ್ಕೆ ಇಷ್ಟಾದ್ರೂ ಉಳೀತು. ಕಲೆ ಹೋಗಲ್ಲ, ಬಿರುಕು ಮಾತ್ರ ಇನ್ನು ಹರಡಲ್ಲ."

ಸಿಗ್ವಾರ್ಟ್ ಅವಳನ್ನೇ ನೋಡುತ್ತ ನಿಂತ. ರಾಗ್ನಿಯ ಬಾಯಿಂದ ಇಂಥ ಮಾತು ಅವನು ಕೇಳಿದ್ದು ಇದೇ ಮೊದಲು.

"ಹರಡಲ್ಲ ಅಂತೀಯ?"

"ಅಂತೀನಿ."

"ಹಾಗಾದ್ರೆ ಹದಿನೇಳಕ್ಕೆ ನೀನೂ ಬಸ್ ಹತ್ತು. ಮುಂದಿನ ಸೀಟಲ್ಲಿ ಕೂತು ಗಾಜು ಕಾಯಿ. ನಂಗೂ ಧೈರ್ಯ."

ಪ್ರತಿ ವರ್ಷ ಆ ದಿನ ಆ ಮುಂದಿನ ಸೀಟಿಗಾಗಿ ಊರಿನ ದೊಡ್ಡವರೇ ಆಸೆಪಡುತ್ತಿದ್ದರು.

"ಮತ್ತೆ ನಾನು?" ಅಂದಳು ಸಿನ್ನೊವೆ.

"ಒಂದೇ ಸೀಟಮ್ಮ ಇರೋದು."

ಸಿನ್ನೊವೆ ನಕ್ಕಳು, ಆದರೆ ನಗು ಕಣ್ಣಿನ ತನಕ ಬರಲಿಲ್ಲ. ಕಾರಣವಿಲ್ಲದೆ ದೀಪದ ತಂತಿಯನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ಆ ಮುಖ ರಾಗ್ನಿಗೆ ಚೆನ್ನಾಗಿ ಗೊತ್ತಿತ್ತು. ಇಡೀ ವಸಂತ ತಾನೇ ಅದನ್ನು ಹೊತ್ತು ತಿರುಗಿದ್ದಳು. ತಂಗಿಯ ಮೇಲೆ ಕನಿಕರ ಹುಟ್ಟಿತು, ನಿಜ. ಆದರೆ ಅದಕ್ಕೂ ಮೊದಲು ಅವಳಿಗೆ ಹೊಟ್ಟೆತುಂಬ ಖುಷಿಯಾಯಿತು.