ಫೆಲಾಳ ಹೆಸರು

"ಆ ಸೌಟನ್ನ ಕೆಳಗಿಡಪ್ಪ, ಬಾಯಿ ಕಾಣ್ತಿಲ್ಲ!"

ಎಂಬತ್ತು ತಲೆಗಳು ಗೆನೊವೇಫಾಳ ಕಡೆ ತಿರುಗಿದವು. ತನ್ನ ದನಿ ಎಷ್ಟು ಎತ್ತರಕ್ಕೆ ಹೋಯಿತೆಂಬುದು ಕಿವುಡಿಯಾದ ಅವಳಿಗೆ ತಿಳಿಯಲಿಲ್ಲ. ವೇದಿಕೆಯ ಮೇಲೆ ಪುಸ್ತಕ ಹಿಡಿದಿದ್ದ ಲೇಖಕ ಕಚ್ಪೆರ್, ಸೌಟಿನಂತೆ ಬಾಯಿಗೆ ಅಡ್ಡವಾಗಿದ್ದ ಮೈಕನ್ನು ಸರಿಸಿ ನಕ್ಕ.

"ಬಾಯಲ್ಲೇನಿದೆ ಅಜ್ಜಿ? ಹಲ್ಲು ಎಣಿಸ್ತೀರಾ?" ಪಕ್ಕದ ಗಡ್ಡದವನ ಪ್ರಶ್ನೆಯನ್ನು ಅವಳು ಅವನ ತುಟಿಯಿಂದಲೇ ಓದಿಕೊಂಡಳು.

"ನಿನ್ನವಾದ್ರೆ ಗಡ್ಡದೊಳಗೆ ಹುಡುಕಿ ಎಣಿಸ್ಬೇಕು. ಫೆಲಾ ಹೆಸರನ್ನ ಇಲ್ಲಿ ಯಾರಾದ್ರೂ ಹೇಳೋದು ನೋಡೋಕೆ ಬಂದಿದೀನಿ, ಸುಮ್ನಿರು."

ವುಚ್ ನಗರದ ಈ ಕಟ್ಟಡ ಬಟ್ಟೆ ಗಿರಣಿಯಾಗಿದ್ದಾಗ ಇಲ್ಲಿ ಅವಳು ಮೂವತ್ತೊಂದು ವರ್ಷ ನೇಯ್ದಿದ್ದಳು. ಮುನ್ನೂರು ಮಗ್ಗಗಳ ಸದ್ದಿನಲ್ಲಿ ಕೂಗಿ ಪ್ರಯೋಜನವಿರಲಿಲ್ಲ. ಹೆಂಗಸರು ದನಿ ಹೊರಡಿಸದೆ ತುಟಿಯಾಡಿಸಿಯೇ ಮಾತಾಡುತ್ತಿದ್ದರು. ಬೆಲೆ, ಬಸಿರು, ಮೇಸ್ತ್ರಿಯ ಮೇಲಿನ ಬೈಗುಳ ಎಲ್ಲವೂ ಹಾಗೆಯೇ ಸಾಲಿನಿಂದ ಸಾಲಿಗೆ ದಾಟುತ್ತಿದ್ದವು. ಅವಳ ಎದುರಿನ ಮಗ್ಗದವಳು ಫೆಲಾ. ಈಗ ಗಿರಣಿಯಿಲ್ಲ, ಕೆಳಗೆ ಅಂಗಡಿಗಳು, ಮೇಲೆ ಪುಸ್ತಕಗಳ ಈ ಸಭಾಂಗಣ. ಫೆಲಾಳಿಗೆ ಮಕ್ಕಳಿರಲಿಲ್ಲ. ಗೋರಿಯ ಜಾಗಕ್ಕೆ ಕಟ್ಟಿದ್ದ ಇಪ್ಪತ್ತು ವರ್ಷದ ಬಾಡಿಗೆ ಮುಗಿದು, ಮತ್ತೆ ಕಟ್ಟುವವರಿಲ್ಲದೆ, ಗೆನೊವೇಫಾಳಿಗೆ ಸುದ್ದಿ ತಲುಪುವಷ್ಟರಲ್ಲಿ ಹೆಸರು ಕೆತ್ತಿದ ಕಲ್ಲನ್ನೂ ತೆಗೆದಿದ್ದರು. ಒಂಬತ್ತು ಮಂಗಳವಾರ ಗೆನೊವೇಫಾಳ ಅಡುಗೆಮನೆಯಲ್ಲಿ ಕುಳಿತು ಕಚ್ಪೆರ್ ಅವಳ ನೆನಪುಗಳನ್ನು ಬರೆದುಕೊಂಡಿದ್ದ. ಆ ಹೆಸರು ಇನ್ನೂ ಉಳಿದಿದ್ದದ್ದು ಅವನ ಪುಸ್ತಕದ ನೂರಹನ್ನೆರಡನೆಯ ಪುಟದಲ್ಲಿ ಮಾತ್ರ.

ಅವನು ಮೈಕಿಲ್ಲದೆ ನಾಲ್ಕು ಸಾಲು ಓದಿ, ಹಿಂದಿನ ಸಾಲುಗಳತ್ತ ನೋಡಿ ನಿಲ್ಲಿಸಿದ.

"ಹಿಂದಿನೋರಿಗೆ ಕೇಳಿಸ್ತಿಲ್ವಂತೆ ಅಜ್ಜಿ. ಹೇಗೂ ಈ ಪುಟದಲ್ಲಿರೋದು ನಿಮ್ಮದೇ ಮಾತು, ನೀವೇ ಎದ್ದು ಹೇಳ್ಬಿಡಿ."

ಗೆನೊವೇಫಾ ಎದ್ದು ಸಭೆಗೆ ಮುಖಮಾಡಿದಳು. ಹಿಂದೆ ಮಗ್ಗದ ಮುಂದೆ ಹೇಳುತ್ತಿದ್ದಂತೆ ಒಂದೊಂದು ಅಕ್ಷರವನ್ನೂ ತುಟಿಯಲ್ಲಿ ದುಂಡಗೆ ಮಾಡಿ ಹೇಳಿದಳು: ಫೆಲಾ ಮೇಸ್ತ್ರಿಯ ಬೆನ್ನ ಹಿಂದೆ ಅವನ ನಡಿಗೆಯನ್ನು ಅಣಕಿಸುತ್ತಿದ್ದುದು, ಅದಕ್ಕೆ ನಗುವಾಗ ಗೆನೊವೇಫಾಳ ಮಗ್ಗದ ನೂಲು ಹರಿದದ್ದು, ಅದರ ದಂಡವನ್ನು ಫೆಲಾ ತನ್ನ ಮೇಲೆ ಹಾಕಿಕೊಂಡದ್ದು. ಹೆಸರನ್ನು ನಾಲ್ಕು ಸಲ ಹೇಳಿದಳು. ಒಬ್ಬರೂ ಅಲುಗಲಿಲ್ಲ. ಜನ ಇಷ್ಟು ಶ್ರದ್ಧೆಯಿಂದ ಕೇಳುತ್ತಾರೆಂದು ಅವಳು ಎಣಿಸಿರಲಿಲ್ಲ. ಮುಗಿದಾಗ ಮೊದಲು ಮುಂದಿನ ಸಾಲಿನಲ್ಲಿ, ಆಮೇಲೆ ಎಲ್ಲ ಕಡೆ, ಕೈಗಳು ಚಪ್ಪಾಳೆ ತಟ್ಟುವುದು ಕಂಡಿತು.

ಗಡ್ಡದವನು ಪಕ್ಕದ ಹೆಂಗಸಿನತ್ತ ಬಾಗಿದ್ದ. ಅವನನ್ನು ಕೇಳುತ್ತಿದ್ದ ಆ ಹೆಂಗಸಿನ ತುಟಿ ಗೆನೊವೇಫಾಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಏನಂದ್ರು ಅವರು? ಬರೀ ಬಾಯಿ ಆಡಿಸಿದ್ರು. ದನಿನೇ ಬರ್ಲಿಲ್ವಲ್ಲ?"

ಗೆನೊವೇಫಾ ತನ್ನ ಗಂಟಲನ್ನು ಮುಟ್ಟಿ ನೋಡಿಕೊಂಡಳು. ಮತ್ತೆ ಹೇಳಲೆಂದು ಬಾಯಿ ತೆರೆಯುವಷ್ಟರಲ್ಲಿ ಕಚ್ಪೆರ್ ವಂದಿಸಿ ಪುಟ ತಿರುಗಿಸಿ ಆಗಿತ್ತು. ಮೈಕು ಅವನ ಬಾಯಿಗೆ ಮರಳಿತ್ತು.

ಅವಳು ಕೂರಲಿಲ್ಲ. ಕಿಟಕಿಯ ಬದಿಯ ನೆಲದಲ್ಲಿ, ಫೆಲಾಳ ಮಗ್ಗ ಕಿತ್ತ ಮೇಲೆ ಸಿಮೆಂಟು ತುಂಬಿದ ನಾಲ್ಕು ದುಂಡು ಗುರುತುಗಳಿದ್ದವು. ಅವುಗಳ ನಡುವೆ ಯಾರೋ ಒದ್ದೆ ಕೊಡೆಯನ್ನು ಬಿಡಿಸಿಟ್ಟಿದ್ದರು. ಅದರ ಕಡ್ಡಿಗಳಿಂದ ನೀರು ಒಂದೊಂದೇ ಹನಿಯಾಗಿ ನೆಲಕ್ಕೆ ಬೀಳುತ್ತಿತ್ತು.